ಶಕ್ತಿಯನ್ನು ಮರೆಮಾಚದಿರುವುದು

ಅಷ್ಟಮಿ, ಚತುರ್ದಶಿಗಳು ಬಂದಾಗ ಶ್ರಾವಕರ ಮನೆಗಳಲ್ಲಿ "ಉಪವಾಸ ನಮ್ಮಿಂದಾಗದು, ಯಥಾಶಕ್ತಿ ನಡೆದರೆ ಸಾಕು" ಎಂಬ ಮಾತು ಕೇಳಿಬರುವುದುಂಟು. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು 16 ಭಾವನೆಗಳನ್ನು ಹೇಳುವಲ್ಲಿ ತ್ಯಾಗ, ತಪಗಳು ಶಕ್ತಿಗನುಸಾರವಾಗಿರಬೇಕೆಂದಿರುವುದು ನಿಜ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ತನ್ನ ಶಕ್ತಿಯನ್ನು ಮರೆಮಾಚದವನು ಮಾಡುವುದೇ ಆ ತಪವೆಂದು ವಿವರಿಸಿದ್ದಾರೆ. ಶಕ್ತಿ ಮೀರಬಾರದೆಂಬುದು ಎಲ್ಲರಿಗೂ ನೆನಪಿರುತ್ತದೆ. ಇದ್ದ ಶಕ್ತಿಯನ್ನು ಇಲ್ಲವೆನ್ನಬಾರದೆಂಬುದು ಮರೆತುಹೋಗುತ್ತದೆ.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಖದಿರಸಾರನೆಂಬ ಬೇಡನ ಕಥೆಯಿದೆ. ವಿಂಧ್ಯದ ಕಾಡಿನಲ್ಲಿ ಸಮಾಧಿಗುಪ್ತ ಮುನಿಗಳು ಮಾಂಸತ್ಯಾಗವನ್ನು ಬೋಧಿಸಿದಾಗ, ಅದು ತನ್ನಿಂದ ಅಸಾಧ್ಯವೆಂದನು. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಮುನಿಗಳು ಕೇಳಿದರು. ಇಲ್ಲವೆಂದಾಗ, ಅದನ್ನಾದರೂ ಬಿಡು ಎಂದರು. ತಿನ್ನದ ವಸ್ತುವನ್ನು ಬಿಡುವುದೂ ಒಂದು ವ್ರತವೇ ಎಂದು ನಗುವವರಿರಬಹುದು. ಮುಂದೆ ಅವನು ರೋಗದಿಂದ ಮಲಗಿದಾಗ ವೈದ್ಯರು ಹೇಳಿದ ಮದ್ದು ಕಾಗೆಯ ಮಾಂಸವೇ! ಅವನು ಒಪ್ಪಲಿಲ್ಲ. ಅಷ್ಟೇ ಅಲ್ಲ, ಅಸಾಧ್ಯವೆಂದಿದ್ದ ಸಕಲ ಮಾಂಸತ್ಯಾಗವನ್ನೂ ಮಾಡಿ, 5 ಅಣುವ್ರತಗಳನ್ನು ಸ್ವೀಕರಿಸಿ ದೇಹ ಬಿಟ್ಟು ಸೌಧರ್ಮ ಸ್ವರ್ಗದಲ್ಲಿ ಹುಟ್ಟಿದನು. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜ.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ನಾಲ್ಕು ವಿಧದ ಆಹಾರಗಳ ತ್ಯಾಗ ಉಪವಾಸ, ಒಪ್ಪೊತ್ತಿನ ಊಟ ಪ್ರೋಷಧ. ರೋಗಿಗಳ, ಗರ್ಭಿಣಿಯರ ಮಾತು ಬೇರೆ. ಉಳಿದವರು ಬರುವ ಅಷ್ಟಮಿಯಂದು, ಆ ಒಂದು ದಿನದ ಮಟ್ಟಿಗೆ, ಒಪ್ಪೊತ್ತಿನ ನಿಯಮವನ್ನು ಹಿಡಿದು ನೋಡಬಹುದು. ಉಪವಾಸದ ವಿಚಾರ ಆಮೇಲಿನದು.