ಪಾಯಿಂಟ್ ಶೂ ಯಾವಾಗ, ಮಿಸ್?

ಬೆಂಗಳೂರಿನಲ್ಲಿ ಒಂದು ಮನೆಯ ಎರಡನೇ ಮಹಡಿಯಲ್ಲಿ 22 ವರ್ಷಗಳಿಂದ ಮಕ್ಕಳಿಗೆ ಬ್ಯಾಲೆ ಹೇಳಿಕೊಡುತ್ತಿದ್ದೇನೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಏಳು ವರ್ಷ ಭರತನಾಟ್ಯ ಕಲಿತವಳು. ಬ್ಯಾಲೆಗೆ ಬರುವ ಹೊತ್ತಿಗೆ ಹತ್ತೊಂಬತ್ತು ತುಂಬಿತ್ತು. ವೇದಿಕೆಯಲ್ಲಿ ಹೆಸರು ಮಾಡುವ ವಯಸ್ಸು ಅಷ್ಟರಲ್ಲಿ ದಾಟಿಹೋಗಿದ್ದರಿಂದ ಕಲಿಸುವ ತರಬೇತಿ ಪಡೆದು ಟೀಚರ್ ಆದೆ. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದ ಪ್ರಶ್ನೆ, "ಪಾಯಿಂಟ್ ಶೂ ಯಾವಾಗ, ಮಿಸ್?" ಬೆರಳ ತುದಿಯಲ್ಲಿ ನಿಂತು ಕುಣಿಯಲು ತೊಡುವ ಶೂ ಅದು. ಮಕ್ಕಳು ಕೇಳುತ್ತಾರೆ. ಅವರಿಗಿಂತ ಮೊದಲು ಅಮ್ಮಂದಿರು ಕೇಳುತ್ತಾರೆ. ನಾನು ಕಲಿತ ಪಾಠಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಸಿಕ್ಕಿದವು.

1. ಬೇಡ ಎನ್ನಬೇಕಾದಾಗ ಬೇಡ ಎನ್ನಬೇಕು. ಕಲಿಸಲು ಶುರುಮಾಡಿದ ನಾಲ್ಕನೇ ವರ್ಷ ಇದನ್ನು ನಾನು ಒಂದು ಮಗುವಿನ ನೋವಿನಿಂದ ಕಲಿತೆ. ಹುಡುಗಿಗೆ ಹತ್ತು ವರ್ಷ. ಪಾದ ಬಿಲ್ಲಿನಂತೆ ಬಾಗುತ್ತಿತ್ತು, ನೋಡಿದವರೆಲ್ಲ ಮೆಚ್ಚುತ್ತಿದ್ದರು. ಅವಳಮ್ಮ ವಿದೇಶದಿಂದ ಒಂದು ಜೊತೆ ಪಾಯಿಂಟ್ ಶೂ ತರಿಸಿದರು, ಅದೂ ಒಂದು ಸೈಜ್ ದೊಡ್ಡದು. "ಬೆಳೀತಾಳಲ್ವಾ ಮೇಡಮ್, ಮುಂದಿನ ವರ್ಷಕ್ಕೂ ಆಗುತ್ತೆ" ಅಂದರು. ವಾರ್ಷಿಕೋತ್ಸವಕ್ಕೆ ಎರಡೇ ನಿಮಿಷದ ಐಟಂ, ಪರವಾಗಿಲ್ಲ ಅಂದುಕೊಂಡು ಒಪ್ಪಿದೆ. ಮೂರು ತಿಂಗಳ ಅಭ್ಯಾಸ ಮುಗಿದು ಕಾರ್ಯಕ್ರಮವೂ ಚೆನ್ನಾಗಿ ಆಯಿತು. ಮರುವಾರ ಮಗು ಕುಂಟುತ್ತಾ ಬಂತು. ಪಾದದ ಮಧ್ಯದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಬ್ಯಾಂಡೇಜು. ಆಮೇಲೆ ಅವಳು ಕ್ಲಾಸಿಗೆ ಬರಲೇ ಇಲ್ಲ. ತಾಯಿಗೆ ಈ ಶೂವಿನ ವಿಷಯ ಗೊತ್ತಿರಬೇಕಾಗಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಪಾಯಿಂಟ್ ಶೂವಿನ ಮೂತಿಯೊಳಗೆ ಮರ ಇದೆ ಎಂದು ಬಹಳ ಜನ ನಂಬಿದ್ದಾರೆ. ಮರವಲ್ಲ, ಬಟ್ಟೆ, ಕಾಗದಗಳನ್ನು ಪದರ ಪದರವಾಗಿ ಅಂಟು ಸವರಿ ಒಣಗಿಸಿ ಮಾಡಿದ ಗೂಡು ಅದು. ಒಳಗೆ ಅಂಗಾಲಿನುದ್ದಕ್ಕೆ ಒಂದು ಗಟ್ಟಿ ಪಟ್ಟಿ. ಆಸರೆ ಅಷ್ಟೇ, ಉಳಿದದ್ದೆಲ್ಲ ಕಾಲಿನ ಶಕ್ತಿ. 1832ರಲ್ಲಿ ಪ್ಯಾರಿಸ್‌ನಲ್ಲಿ ಮಾರಿ ಟಾಲ್ಯೋನಿ 'ಲಾ ಸಿಲ್ಫೀದ್' ಆಡಿದಾಗ ಇಷ್ಟು ಆಸರೆಯೂ ಇರಲಿಲ್ಲ. ತುದಿಗೆ ದಾರದ ಹೊಲಿಗೆ ಹಾಕಿದ ಮೆತ್ತನೆಯ ಸ್ಯಾಟಿನ್ ಶೂಗಳಲ್ಲೇ ಆಕೆ ಬೆರಳ ತುದಿಯಲ್ಲಿ ನಿಂತಿದ್ದು.

ಮಕ್ಕಳ ಪಾದದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದು ಪಟ್ಟಿ ಇರುತ್ತದೆ. ಅದು ಪೂರ್ತಿ ಗಟ್ಟಿಯಾಗುವುದು ಹದಿಹರೆಯದ ನಡುವಿಗೆ. ನೃತ್ಯಗಾರರ ವೈದ್ಯಕೀಯ ಬಲ್ಲವರು ಸಾಮಾನ್ಯವಾಗಿ 12ಕ್ಕೆ ಮೊದಲು ಬೇಡ ಎನ್ನುತ್ತಾರೆ. ಹಾಗಂತ 12 ತುಂಬಿದ ದಿನ ಉಡುಗೊರೆಯಾಗಿ ಕೊಡುವ ವಸ್ತುವೂ ಅದಲ್ಲ. ನನ್ನಲ್ಲಿ ಮೊದಲು ಮೂರು ಪರೀಕ್ಷೆ. ಒಂಟಿ ಕಾಲಲ್ಲಿ ನಿಂತು, ಮಂಡಿ ಬಗ್ಗಿಸದೆ, 20 ಸಲ ಹಿಮ್ಮಡಿ ಎತ್ತಿ ಇಳಿಸಬೇಕು. ಒಂಟಿ ಕಾಲಲ್ಲೇ ಜಿಗಿದು ಇಳಿಯುವಾಗ ಸೊಂಟ ವಾಲಬಾರದು. ಕಾಲು ಚಾಚಿ ಕೂತು ಪಾದ ಚೂಪು ಮಾಡಿದಾಗ, ಕಣಕಾಲಿನಿಂದ ಪಾದದವರೆಗೆ ಇಟ್ಟ ಪೆನ್ಸಿಲ್ ಏರುತಗ್ಗಿಲ್ಲದೆ ಮಲಗಬೇಕು. ಬಿಲ್ಲಿನಂತೆ ಬಾಗುವ ಪಾದದ ಮಕ್ಕಳು ಮೂರನೆಯದನ್ನು ಸಲೀಸಾಗಿ ಗೆದ್ದು ಮೊದಲನೆಯದರಲ್ಲಿ ಸೋಲುತ್ತಾರೆ. ಬಾಗುವುದು ಹುಟ್ಟಿನಿಂದ ಬಂದಿರುತ್ತದೆ, ತಡೆದು ನಿಲ್ಲಿಸುವ ಬಲವನ್ನು ವರ್ಷಗಟ್ಟಲೆ ಕಟ್ಟಬೇಕು.

2. ಪಾದ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ, ಮಂಡಿಯಿಂದಲ್ಲ. ಭರತನಾಟ್ಯದಲ್ಲಿ ಅರೆಮಂಡಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವ ಪ್ಲಿಯೆಯಲ್ಲೂ ತೊಡೆ ಹೊರಕ್ಕೆ ತೆರೆದುಕೊಳ್ಳಬೇಕು, ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಆದರೆ ಪ್ರತಿ ಮಗುವಿನ ಸೊಂಟದ ಗುಳಿಯ ಆಳ, ಅದು ಮುಖ ಮಾಡಿರುವ ದಿಕ್ಕು ಬೇರೆ ಬೇರೆ. ಚಿತ್ರದಲ್ಲಿ ಕಾಣುವ 180 ಡಿಗ್ರಿ ಎಲ್ಲರಿಗೂ ಸಿಗುವುದಿಲ್ಲ. ಸಿಗದವರು ಪಾದವನ್ನು ನೆಲಕ್ಕೆ ಒತ್ತಿ ತಿರುಗಿಸುತ್ತಾರೆ, ಮಂಡಿ ತಿರುಚಿಕೊಳ್ಳುತ್ತದೆ. ನಾನು ಕಲಿಯುವಾಗ ನನ್ನನ್ನು ಕಪ್ಪೆಯಂತೆ ಬೋರಲು ಮಲಗಿಸಿ ಬೆನ್ನ ಕೆಳಭಾಗಕ್ಕೆ ಕೈಯೂರಿ ಒತ್ತಿದ ಶಿಕ್ಷಕರೊಬ್ಬರಿದ್ದರು. ಎಡ ಮಂಡಿ ಇವತ್ತಿಗೂ ಮೆಟ್ಟಿಲಿಳಿಯುವಾಗ ಅವರನ್ನು ನೆನಪಿಸುತ್ತದೆ. ನಾನು ಯಾವ ಮಗುವಿನ ಮೈಯನ್ನೂ ಒತ್ತುವುದಿಲ್ಲ.

ಭರತನಾಟ್ಯ, ಬ್ಯಾಲೆ ಎರಡನ್ನೂ ಕಲಿಯುವ ಮಕ್ಕಳು ನನ್ನಲ್ಲಿ ಹಲವರಿದ್ದಾರೆ. ಒಂದನ್ನು ಬಿಡಿಸಿ ಎಂದು ನಾನು ಹೇಳಿದವಳಲ್ಲ. ಅಲ್ಲಿ ಭಾರ ಭೂಮಿಗಿಳಿಯುತ್ತದೆ, ಹೆಜ್ಜೆ ನೆಲವನ್ನು ತಟ್ಟುತ್ತದೆ. ಇಲ್ಲಿ ಮಂಡಿ ಬಗ್ಗುವುದೇ ನೆಲ ಬಿಟ್ಟೇಳುವುದಕ್ಕೆ. ಒಂದೇ ದಿನ ಎರಡೂ ಕ್ಲಾಸ್ ಬೇಡ ಎಂದಷ್ಟೇ ಕೇಳಿಕೊಳ್ಳುತ್ತೇನೆ. "ನಮ್ಮದೇ ನೃತ್ಯ ಇರುವಾಗ ಇದ್ಯಾಕಮ್ಮ?" ಎಂದು ಒಬ್ಬ ತಾತ ಕೇಳಿದ್ದರು. ರುಕ್ಮಿಣೀದೇವಿ ಅರುಂಡೇಲರ ಕಥೆ ಹೇಳಿದೆ. ರಷ್ಯದ ಬ್ಯಾಲೆ ತಾರೆ ಆನಾ ಪಾವ್ಲೋವಾ ತಂಡದ ಕ್ಲಿಯೋ ನೋರ್ಡಿಯವರಲ್ಲಿ ಆಕೆ ಬ್ಯಾಲೆ ಕಲಿತರು. ನಿಮ್ಮ ನೆಲದ ಕಲೆಯ ಕಡೆ ನೋಡಿ ಎಂದು ಅವರನ್ನು ತಿರುಗಿಸಿದವರು ಪಾವ್ಲೋವಾ. ಆಕೆ ಭರತನಾಟ್ಯಕ್ಕೆ ಬಂದರು, 1936ರಲ್ಲಿ ಮದ್ರಾಸಿನಲ್ಲಿ ಅವರ ಕಲಾಕ್ಷೇತ್ರ ಹುಟ್ಟಿತು. ತಾತ ಮೊಮ್ಮಗಳನ್ನು ಎರಡಕ್ಕೂ ಕಳಿಸಿದರು.

3. ಕನ್ನಡಿಗೆ ದುಡ್ಡು ಹಾಕುವ ಮೊದಲು ನೆಲಕ್ಕೆ ಹಾಕಿ. ಕಾಂಕ್ರೀಟಿನ ಮೇಲೆ ವಿಟ್ರಿಫೈಡ್ ಟೈಲ್ಸ್ ಇರುವ ಹಾಲ್‌ನಲ್ಲಿ ಮಕ್ಕಳನ್ನು ಕುಪ್ಪಳಿಸಲು ಬಿಡಬೇಡಿ. ಮರದ ಪಟ್ಟಿಗಳ ಕೆಳಗೆ ಫೋಮ್ ತುಂಡು, ಮೇಲೆ ಪ್ಲೈವುಡ್, ಅದರ ಮೇಲೆ ವಿನೈಲ್ ಹಾಸು. ನಮ್ಮ ಬಡಗಿ ನಾಲ್ಕು ದಿನದಲ್ಲಿ ಮಾಡಿಕೊಟ್ಟರು. ಮಕ್ಕಳ ಮೊಳಕಾಲು ನೋವಿನ ದೂರು ಆ ವರ್ಷವೇ ಕಡಿಮೆಯಾಯಿತು.

4. ಎತ್ತರ ಏರುವ ವರ್ಷದಲ್ಲಿ ಕಲೆ ಇಳಿದಂತೆ ಕಾಣುತ್ತದೆ. ಕ್ಲಾಸಿನ ಬಾಗಿಲ ಚೌಕಟ್ಟಿನಲ್ಲಿ ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕುತ್ತೇವೆ. ಎರಡು ಗೆರೆಗಳ ನಡುವಿನ ಅಂತರ ಒಮ್ಮೆಲೇ ಹಿಗ್ಗಿತು ಅಂದರೆ ಆ ಮಗುವಿಗೆ ಜಿಗಿತ ಕಡಿಮೆ ಮಾಡುತ್ತೇನೆ, ಕಾಲು ಎತ್ತರಕ್ಕೆ ಎತ್ತು ಎಂದು ಕೇಳುವುದಿಲ್ಲ. ಮೂಳೆ ಮುಂದೆ ಓಡಿರುತ್ತದೆ, ಸ್ನಾಯು ಹಿಂದೆ ಉಳಿದಿರುತ್ತದೆ. ನಿನ್ನೆ ಎರಡು ಸುತ್ತು ಪಿರುಯೆಟ್ ಹಾಕಿದವಳು ಇಂದು ಒಂದಕ್ಕೇ ತೂರಾಡುತ್ತಾಳೆ. ಮಗು ತನಗೆ ಇನ್ನು ಬರುವುದಿಲ್ಲ ಎಂದು ಅಳುವುದು ಈ ಹಂತದಲ್ಲೇ, ಅಪ್ಪ ಅಮ್ಮ ಬಿಡಿಸುವುದೂ ಈ ಹಂತದಲ್ಲೇ. ಆಗ ಇಬ್ಬರನ್ನೂ ಕರೆದು ಬಾಗಿಲ ಗೆರೆ ತೋರಿಸುತ್ತೇನೆ. "ನಿನ್ನ ಕಾಲು ಹೊಸದು ಕಂದಾ, ಇದರ ಪರಿಚಯ ಆಗ್ಬೇಕಲ್ವಾ?" ಅಂತೀನಿ. ಒಂದು ವರ್ಷ ಕಾದವರಿಗೆ ಸುತ್ತು ಮರಳಿ ಬರುತ್ತದೆ, ಮೊದಲಿಗಿಂತ ಗಟ್ಟಿಯಾಗಿ.

5. ಮಗುವಿನ ತೂಕದ ಬಗ್ಗೆ ಕ್ಲಾಸಿನಲ್ಲಿ ಒಂದು ಮಾತೂ ಆಡಕೂಡದು. ಹೊಗಳಿಕೆಯೂ ಬೇಡ. "ಸಣ್ಣ ಆಗಿದೀಯಾ, ಚೆನ್ನಾಗಿ ಕಾಣ್ತೀಯಾ" ಎಂಬುದನ್ನು ಪಕ್ಕದಲ್ಲಿ ನಿಂತ ಇನ್ನೊಂದು ಮಗು ಕೇಳಿಸಿಕೊಂಡು ಮನೆಯಲ್ಲಿ ತಟ್ಟೆ ಪಕ್ಕಕ್ಕೆ ತಳ್ಳುತ್ತದೆ. ದುಡಿಯುವ ಮೈಗೆ ತಕ್ಕಷ್ಟು ಊಟ ಬೀಳದಿದ್ದರೆ ಮುಟ್ಟು ತಪ್ಪುತ್ತದೆ, ಮೂಳೆ ಟೊಳ್ಳಾಗುತ್ತದೆ, ಸಣ್ಣ ಪೆಟ್ಟಿಗೂ ಬಿರುಕು ಬಿಡುತ್ತದೆ. ಹದಿನೈದಾದರೂ ಮೈನೆರೆಯದ, ಅಥವಾ ಶುರುವಾದ ಮುಟ್ಟು ಮೂರು ತಿಂಗಳು ನಿಂತುಹೋದ ಹುಡುಗಿಯನ್ನು ಮೊದಲು ಡಾಕ್ಟರ ಹತ್ತಿರ ಕಳಿಸಿ, ಆಮೇಲೆ ಕ್ಲಾಸಿಗೆ. ಸ್ಕೂಲ್ ವ್ಯಾನಿನಿಂದ ನೇರ ನನ್ನ ಮೆಟ್ಟಿಲು ಹತ್ತುವ ಮಕ್ಕಳಿಗಾಗಿ ಒಂದು ಡಬ್ಬಿ ಕಡಲೆಕಾಯಿ ಚಿಕ್ಕಿ, ಒಂದು ಚಿಪ್ಪು ಬಾಳೆಹಣ್ಣು ಸದಾ ಇರುತ್ತವೆ. ತಿನ್ನದೆ ಯಾರೂ ಅಭ್ಯಾಸದ ಕಂಬಿ, ಅಂದರೆ ಬಾರ್, ಹಿಡಿಯುವಂತಿಲ್ಲ.

6. ಓದು, ನೃತ್ಯ ಎರಡನ್ನೂ ಒಂದೇ ಸೂರಿನಡಿ ತರದ ಊರಿನಲ್ಲಿ ಟೈಮ್‌ಟೇಬಲ್ ಕೂಡ ಟೀಚರ ಕೆಲಸವೇ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1738ರಲ್ಲಿ ಶುರುವಾದ ಶಾಲೆ, ಈಗಿನ ವಗಾನೊವಾ ಅಕಾಡೆಮಿ, ಮಕ್ಕಳಿಗೆ ಗಣಿತವನ್ನೂ ಬ್ಯಾಲೆಯನ್ನೂ ಜೊತೆಗೇ ಕಲಿಸುತ್ತದೆ. ಪ್ಯಾರಿಸ್ ಒಪೆರಾದ ಶಾಲೆಯಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನ ನೃತ್ಯ. ನಮ್ಮ ಮಕ್ಕಳು ಸ್ಕೂಲು, ಟ್ಯೂಷನ್ನು, ಸಿಲ್ಕ್ ಬೋರ್ಡಿನ ಟ್ರಾಫಿಕ್ ಎಲ್ಲ ದಾಟಿ, ಸುಸ್ತಾದ ಕಾಲಲ್ಲಿ ಬರುತ್ತಾರೆ. ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದಂತೆ ಫೋನ್ ಬರುತ್ತದೆ: "ಎಸ್ಸೆಸ್ಸೆಲ್ಸಿ ಮುಗೀಲಿ ಮೇಡಮ್." ಆಮೇಲೆ ಪಿಯುಸಿ, ಸಿಇಟಿ. ಹಾಗೆ ಹೋದವರಲ್ಲಿ ಮರಳಿ ಬಂದವರು ಬೆರಳೆಣಿಕೆ. ಪೂರ್ತಿ ಬಿಡಿಸಬೇಡಿ, ವಾರಕ್ಕೆರಡು ದಿನ ಒಂದೊಂದು ಗಂಟೆ ಬಾರ್ ಕೆಲಸ ಮಾತ್ರ ಇರಲಿ ಎಂದು ಬೇಡುತ್ತೇನೆ. ಒಪ್ಪಿದ ಮನೆಗಳಲ್ಲಿ ಮಾರ್ಕ್ಸ್ ಕುಸಿದದ್ದನ್ನು ನಾನು ಕಂಡಿಲ್ಲ.

"ಲಂಡನ್‌ಗೆ ಹೋಗಬಹುದಾ?" ಎಂದು ಕೇಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನವಿ ಮುಂಬೈನ ಅಮೀರುದ್ದೀನ್ ಶಾ 2017ರಲ್ಲಿ ರಾಯಲ್ ಬ್ಯಾಲೆ ಸ್ಕೂಲ್ ಸೇರಿದ, ವೆಲ್ಡರ್ ಒಬ್ಬರ ಮಗ. ದೆಹಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ ಹದಿನೇಳರಲ್ಲಿ ಶುರುಮಾಡಿ 2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲ್ ತಲುಪಿದ. ಇಬ್ಬರ ಹಿಂದೆಯೂ ದಿನವಿಡೀ ಕಲಿಸಿದ ಗುರು, ಹಣ ಹೊಂದಿಸಿದ ಜನ ಇದ್ದರು. ವಾರಕ್ಕೆರಡು ಕ್ಲಾಸಿನಲ್ಲಿ ಅಲ್ಲಿಗೆ ಹೋಗಲಾಗದು. ನನ್ನ ಮಕ್ಕಳಲ್ಲಿ ಯಾರೂ ದೊಡ್ಡ ಕಂಪನಿ ಸೇರಿಲ್ಲ. ಒಬ್ಬಳು ಫಿಸಿಯೋಥೆರಪಿಸ್ಟ್ ಆಗಿದ್ದಾಳೆ, ಈಗ ನನ್ನ ಮಕ್ಕಳ ಕಾಲು ನೋಡುವವಳು ಅವಳೇ.

7. ಪಿಂಕ್ ನಮ್ಮ ಮೈಬಣ್ಣವಲ್ಲ. ಶೂ, ಕಾಲುಚೀಲದ ಬಣ್ಣ ಚರ್ಮಕ್ಕೆ ಹೊಂದಿದರೆ ಕಾಲಿನ ಗೆರೆ ತುಂಡಾಗದೆ ಕಾಣುತ್ತದೆ. ಬಿಳಿಯ ಕಾಲಿಗೆಂದು ಬಂದ ಪಿಂಕನ್ನು ನಾವು ವರ್ಷಗಟ್ಟಲೆ ಹಾಕಿಸಿದೆವು. ಲಂಡನ್ನಿನ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಫ್ರೀಡ್ ಕಂಪನಿ ಕಂದು ಬಣ್ಣದ ಪಾಯಿಂಟ್ ಶೂ ತಂದದ್ದು 2018ರಲ್ಲಿ. ಅಲ್ಲಿಯತನಕ ನಾವು ಶೂಗಳಿಗೆ ಗಟ್ಟಿ ಟೀ ಡಿಕಾಕ್ಷನ್ ಸವರಿ ಒಣಗಿಸುತ್ತಿದ್ದೆವು. ಮೊದಲ ಸಲ ತನ್ನದೇ ಬಣ್ಣದ ಶೂ ತೊಟ್ಟ ಹುಡುಗಿ ಕನ್ನಡಿ ಬಿಟ್ಟು ಅಲ್ಲಾಡಲಿಲ್ಲ.

8. ಶೂ ಕೈಗೆ ಬಂದ ದಿನ ಕುಣಿತವಿಲ್ಲ, ಹೊಲಿಗೆ. ರಿಬ್ಬನ್, ಎಲಾಸ್ಟಿಕ್ ಅಂಗಡಿಯಿಂದ ಹೊಲಿದು ಬರುವುದಿಲ್ಲ. ಎಲ್ಲಿ ಹೊಲಿಯಬೇಕು ಎಂಬುದು ಆ ಪಾದಕ್ಕೇ ಗೊತ್ತು. ಹಿಮ್ಮಡಿಯ ಬಟ್ಟೆ ಒಳಕ್ಕೆ ಮಡಚಿದಾಗ ಎಲ್ಲಿ ಗೆರೆ ಬೀಳುತ್ತದೋ ಅಲ್ಲಿ. ಮಳೆಗಾಲದಲ್ಲಿ ಬ್ಯಾಗಿನೊಳಗೇ ಬಿಟ್ಟರೆ ಬೆವರಿನ ತೇವಕ್ಕೆ ಅಂಟು ಸಡಿಲಿ ಗೂಡು ಮೆತ್ತಗಾಗುತ್ತದೆ, ಕಿಟಕಿಗೆ ನೇತುಹಾಕಬೇಕು ಎಂಬುದನ್ನೂ ಆ ದಿನವೇ ಹೇಳುತ್ತೇನೆ.

ಕಳೆದ ತಿಂಗಳು ಹದಿಮೂರರ ಹುಡುಗಿಯೊಬ್ಬಳು ಮೂರೂ ಪರೀಕ್ಷೆ ದಾಟಿದಳು. ಏಳು ವರ್ಷದವಳಿದ್ದಾಗಿನಿಂದ "ಯಾವಾಗ ಮಿಸ್" ಎಂದು ಕೇಳುತ್ತಿದ್ದವಳು. ಅಮ್ಮ "ಕೊಡು ಪುಟ್ಟಿ, ನಾನು ಹೊಲಿದುಕೊಡ್ತೀನಿ" ಅಂದರೂ ಸೂಜಿ ಬಿಡಲಿಲ್ಲ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಸಲ ಬೆರಳಿಗೆ ಚುಚ್ಚಿಕೊಂಡು, ಎಡಗಾಲಿನ ರಿಬ್ಬನ್ ಹೊಲಿದಳು. ತೊಟ್ಟು ನೋಡಿದಳು. ಒಂದು ಬೆರಳಿನಷ್ಟು ಹಿಂದಕ್ಕೆ ಹೋಗಿತ್ತು. ಏನೂ ಹೇಳದೆ ಬಿಚ್ಚಿ, ದಾರ ಬಾಯಲ್ಲಿ ಒದ್ದೆ ಮಾಡಿ, ಮತ್ತೆ ಸೂಜಿ ಪೋಣಿಸಿದಳು.