ಟರ್ಬೊ ಹೌಸಿಂಗ್ ಬಿರುಕು ಬಿಟ್ರೆ: ವೆಲ್ಡಿಂಗ್ ಶಾಪಾ, ಶಿವಾಜಿನಗರದ ಗುಜರಿನಾ?

ಟರ್ಬೊ ಇರೋ ಕಾರು ಇದ್ದಕ್ಕಿದ್ದಂತೆ ಪಿಕಪ್ ಕಳೆದುಕೊಂಡಿದೆ, ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಒಳಗಿಂದ ಸುಯ್ ಅಂತ ಸದ್ದು ಬರ್ತಿದೆ ಅಂದ್ರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಟರ್ಬೈನ್ ಹೌಸಿಂಗ್ ಒಂದು. ಬಸವನಹುಳದ ಚಿಪ್ಪಿನ ಆಕಾರದ ಎರಕದ ಭಾಗ ಅದು. ಎಂಜಿನ್ನಿಂದ ಹೊರಬರುವ ಬಿಸಿ ಅನಿಲ ಅದರೊಳಗೆ ಸುತ್ತಿ, ಪುಟ್ಟ ಚಕ್ರವೊಂದನ್ನ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸತ್ತೆ. ಹೊರಗೋಡೆ ಮೇಲೆ ಕಪ್ಪು ಮಸಿಯ ಗೆರೆ ಕಂಡ್ರೆ ಅನಿಲ ಅಲ್ಲಿಂದಲೇ ಸೋರ್ತಿದೆ ಅಂತ ಲೆಕ್ಕ.

ನಮಗೆ ಈ ಪಾಠ ಸಿಕ್ಕಿದ್ದು ಸೀನಿಯರ್ ಒಬ್ಬರ ಹಳೇ ಟರ್ಬೊ ಪೆಟ್ರೋಲ್ ಕಾರಿನಿಂದ. ಒಬ್ಬ ಮೆಕ್ಯಾನಿಕ್ ಪೂರ್ತಿ ಟರ್ಬೊ ಬದಲಿಸಿ ಅಂದರು. ಇನ್ನೊಬ್ಬರು ವೆಲ್ಡ್ ಮಾಡಿಸಿದ್ರೆ ಸಾಕು ಅಂದರು. ಎರಡರ ಖರ್ಚಿಗೂ ಆಕಾಶ-ಭೂಮಿ ವ್ಯತ್ಯಾಸ. ಹಾಗಾಗಿ ನಾವು ಮೆಟೀರಿಯಲ್ ಸೈನ್ಸ್ ನೋಟ್ಸ್ ಹೊರಗೆ ತೆಗೆದೆವು. (ಪರೀಕ್ಷೆ ಮುಗಿದ ಮೇಲೆ ಅದನ್ನ ತೆಗೆದಿದ್ದು ಅದೇ ಮೊದಲು!)

ಬಿರುಕು ಯಾಕೆ ಬರತ್ತೆ? ಪೆಟ್ರೋಲ್ ಎಂಜಿನ್ನಿನ ಅನಿಲ 950 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಎರಕದ ಕಬ್ಬಿಣ ಒಂದು ಡಿಗ್ರಿಗೆ ಸುಮಾರು 10 ಲಕ್ಷದಲ್ಲಿ 13 ಪಾಲು ಹಿಗ್ಗತ್ತೆ. ಹೌಸಿಂಗಿನ ತೆಳು ಗೋಡೆ ಬೇಗ ಕಾಯತ್ತೆ, ದಪ್ಪ ಫ್ಲೇಂಜ್ ನಿಧಾನ. ಎರಡರ ನಡುವೆ 150 ಡಿಗ್ರಿ ವ್ಯತ್ಯಾಸ ಬಂದು, ತೆಳು ಭಾಗ ಹಿಗ್ಗದಂತೆ ದಪ್ಪ ಭಾಗ ಪೂರ್ತಿ ಹಿಡಿದುಕೊಂಡಿದೆ ಅಂದುಕೊಳ್ಳಿ. ಆಗಿನ ಸ್ಟ್ರೇನ್ 0.00195. ಯೀಲ್ಡ್ 300 ಮೆಗಾಪಾಸ್ಕಲ್, ಯಂಗ್ಸ್ ಮಾಡ್ಯುಲಸ್ 170 ಗಿಗಾಪಾಸ್ಕಲ್ ಹಿಡಿದ್ರೆ ಯೀಲ್ಡ್ ಸ್ಟ್ರೇನ್ ಬರೀ 0.00176. ಅಂದ್ರೆ ತೆಳು ಭಾಗ ಬಿಸಿಯಲ್ಲೇ ಒತ್ತಿ ಶಾಶ್ವತವಾಗಿ ಕುಗ್ಗಿಬಿಡತ್ತೆ. ಕಾದ ಲೋಹದ ಯೀಲ್ಡ್ ಇನ್ನೂ ಕಡಿಮೆ, ಅದನ್ನ ನಾವು ಲೆಕ್ಕಕ್ಕೇ ತಗೊಂಡಿಲ್ಲ. ತಣ್ಣಗಾಗುವಾಗ ಆ ಕುಗ್ಗಿದ ಭಾಗವನ್ನೇ ಅಕ್ಕಪಕ್ಕದವು ಎಳೆಯುತ್ತವೆ. ಬಿರುಕು ಬಾಯಿ ತೆರೆಯೋದು ಆ ಎಳೆತಕ್ಕೆ. ದಿನಾ ಕಾಯೋದು, ದಿನಾ ಆರೋದು. ಇದೇ ಥರ್ಮಲ್ ಫೆಟೀಗ್.

ಎಲ್ಲಾ ಬಿರುಕೂ ಒಂದೇ ಅಲ್ಲ. ಎಷ್ಟು ಉದ್ದ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ವೇಸ್ಟ್‌ಗೇಟ್ ತೂತಿನ ಸುತ್ತ ಒಳಗೆ ಕೂದಲೆಳೆಯಂಥ ಬಿರುಕು ಓಡಿದ ಟರ್ಬೊಗಳಲ್ಲಿ ಸಾಮಾನ್ಯ, ಎಷ್ಟೋ ಗಾಡಿ ಹಾಗೇ ಓಡುತ್ತಿರತ್ತೆ. ಹೊರಗೋಡೆ ದಾಟಿದ ಬಿರುಕು, ಫ್ಲೇಂಜ್ ಮುಖದ ಬಿರುಕು, ಎರಡು ಬಿರುಕು ಸೇರಿ ತುಂಡೊಂದು ಉದುರೋ ಸ್ಥಿತಿ, ಇವು ಮೂರೂ ಅಪಾಯ. ಲಕ್ಷ ಸುತ್ತು ತಿರುಗುವ ಚಕ್ರಕ್ಕೆ ಆ ತುಂಡು ಬಡಿದ್ರೆ ಟರ್ಬೊ ಕಥೆ ಮುಗೀತು. ಹೊರಗೆ ಸೋರುವ ಅನಿಲ ಪಕ್ಕದ ವೈರು, ಹೋಸುಗಳನ್ನ ಸುಡತ್ತೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇದೆ.

ಪತ್ತೆಗೆ ಲ್ಯಾಬಿನ ಡೈ ಪೆನೆಟ್ರೆಂಟ್ ಒಳ್ಳೇದು. ಇಲ್ಲಾಂದ್ರೆ ಹಳೇ ಉಪಾಯ: ಭಾಗವನ್ನ ಸ್ವಚ್ಛ ಮಾಡಿ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿನೊಳಗಿನ ಎಣ್ಣೆ ಮೇಲೆದ್ದು ಬಿಳಿ ಪುಡಿ ಮೇಲೆ ಗೆರೆ ಎಳೆಯತ್ತೆ. ನಮ್ಮ ಹೌಸಿಂಗಲ್ಲಿ ಆ ಗೆರೆ ಒಳಗಿಂದ ಹೊರಗೋಡೆವರೆಗೂ ಬಂತು.

ವೆಲ್ಡಿಂಗ್ ಯಾಕೆ ಬೇಡ ಅಂದೆವು? ಈ ಎರಕದಲ್ಲಿ ಕಾರ್ಬನ್ ಸುಮಾರು 3.5 ಶೇಕಡಾ. ಕರಗಿ ಬೇಗ ಆರಿದ್ರೆ ಬೆಸುಗೆಯ ಅಂಚಲ್ಲಿ ಗಾಜಿನಂತೆ ಒಡೆಯುವ ಕಾರ್ಬೈಡ್, ಮಾರ್ಟೆನ್ಸೈಟ್ ಹುಟ್ಟುತ್ತವೆ. ಬಲ್ಲವರು ಮೊದಲೇ ಕಾಯಿಸಿ, ನಿಕಲ್ ರಾಡಲ್ಲಿ ತುಂಡುತುಂಡಾಗಿ ಬೆಸೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೂದಿಯಲ್ಲಿ ಹೂತು ನಿಧಾನ ಆರಿಸ್ತಾರೆ. ಇಷ್ಟೆಲ್ಲಾ ಮಾಡಿದ್ರೂ ನಿಕಲ್ಲೂ ಕಬ್ಬಿಣವೂ ಒಂದೇ ಸಮ ಹಿಗ್ಗಲ್ಲ, ಪಕ್ಕದಲ್ಲೇ ಮತ್ತೆ ಬಿರುಕು ಬರಬಹುದು. ಹಿತ್ತಾಳೆ ಬ್ರೇಜಿಂಗ್ ಕೇಳಲೇಬೇಡಿ. ಅದು ಕರಗೋದೇ 900 ಡಿಗ್ರಿ ಆಸುಪಾಸು. ಸ್ಟೇನ್‌ಲೆಸ್ ಎರಕವಾದ್ರೆ ಟಿಗ್ ವೆಲ್ಡಿಂಗ್ ಚೆನ್ನಾಗಿ ಹಿಡಿಯತ್ತೆ. ಆದ್ರೆ ಅಯಸ್ಕಾಂತ ಅಂಟಲಿಲ್ಲ ಅಂದ ಮಾತ್ರಕ್ಕೆ ಸ್ಟೇನ್‌ಲೆಸ್ ಅನ್ನೋ ಹಾಗಿಲ್ಲ, ನಿಕಲ್ ಜಾಸ್ತಿ ಇರೋ ಎರಕದ ಕಬ್ಬಿಣಕ್ಕೂ ಅದು ಅಂಟಲ್ಲ.

ಉಳಿದಿದ್ದು ಶಿವಾಜಿನಗರ. 1927ರ ರಸೆಲ್ ಮಾರ್ಕೆಟ್ ಎಲ್ಲರಿಗೂ ಗೊತ್ತು. ನಮ್ಮ ಕಣ್ಣು ಹಳೇ ಬಿಡಿಭಾಗಗಳ ಗುಜರಿ ಅಂಗಡಿಗಳ ಮೇಲೆ. "ಗಾಡಿ ಹೆಸರು ಬೇಡಪ್ಪಾ, ನಂಬರ್ ತಂದಿದ್ದೀರಾ?" ಅಂದರು ಒಬ್ಬ ಅಂಗಡಿ ಭಾಯ್. ಅದೇ ಸರಿಯಾದ ಪ್ರಶ್ನೆ. ಹೊರಗೆ ಒಂದೇ ಥರ ಕಂಡ್ರೂ ಎ ಬೈ ಆರ್ ಬೇರೆ ಇರಬಹುದು. ಸುರುಳಿಯ ಅಡ್ಡಕೊಯ್ತದ ವಿಸ್ತೀರ್ಣವನ್ನ ಮಧ್ಯದಿಂದ ಅದರ ದೂರಕ್ಕೆ ಭಾಗಿಸಿದ್ರೆ ಅದೇ ಎ ಬೈ ಆರ್. ಅದು ಚಿಕ್ಕದಾದ್ರೆ ಬೂಸ್ಟ್ ಬೇಗ ಬರತ್ತೆ, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟತ್ತೆ. ಜೊತೆಗೆ ಒಳಗಿನ ಬಾಗು ನಮ್ಮ ಚಕ್ರಕ್ಕೇ ಹೊಂದಬೇಕು, ನಡುವಿನ ಸಂದು ಮಿಲಿಮೀಟರಿನ ಭಾಗದಷ್ಟೇ. ಹಳೇ ಹೌಸಿಂಗನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ, ಅಲ್ಲೇ ಸೀಮೆಸುಣ್ಣ ಪರೀಕ್ಷೆ ಮಾಡಿ, ಬಿಲ್ ಕೇಳಿ. ಅಲ್ಲೂ ಬಿರುಕು ಬಿಟ್ಟದ್ದು ಸಿಗತ್ತೆ! ನಾವು ಮೂರು ನೋಡಿ ನಾಲ್ಕನೆಯದನ್ನ ತಗೊಂಡೆವು.

ಬರೀ ಹೌಸಿಂಗ್ ಬದಲಿಸಿದ್ರೆ ತಿರುಗೋ ಭಾಗವನ್ನ ಬಿಚ್ಚೋ ಹಾಗಿಲ್ಲ, ಹಾಗಾಗಿ ಬ್ಯಾಲೆನ್ಸಿಂಗ್ ಬೇಕಿಲ್ಲ. ಬಿಚ್ಚೋ ಮೊದಲು ಎರಡೂ ಭಾಗದ ಮೇಲೆ ಗುರುತು ಹಾಕಿ, ಇಲ್ಲಾಂದ್ರೆ ಆಯಿಲ್ ಪೈಪು ಕೂರಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಹೌಸಿಂಗನ್ನ ನೇರವಾಗಿ ಎಳೀರಿ. ಓರೆಯಾದ್ರೆ ಚಕ್ರದ ಅಲಗು ಬಾಗತ್ತೆ. ಜೋಡಿಸಿದ ಮೇಲೆ ಕೈಯಿಂದ ತಿರುಗಿಸಿ, ಎಲ್ಲೂ ತಾಗಬಾರದು.

ಕೊನೆಗೆ ಬಿರುಕಿನ ಕಾರಣ ಹುಡುಕಿ, ಇಲ್ಲಾಂದ್ರೆ ಹೊಸದೂ ಒಡೆಯತ್ತೆ. ಟರ್ಬೊ ತೂಕವನ್ನ ಹೊರೋಕೆ ಕೆಳಗೊಂದು ಬ್ರಾಕೆಟ್ ಇರತ್ತೆ. ಸೀನಿಯರ್ ಕಾರಲ್ಲಿ ಅದರ ಎರಡು ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ.