ಊರು ನಂಬಿದರೆ ಸೂಪರ್‌ಹೀರೋ ಹಾರುತ್ತಾನೆ: ಬೈಲಕುಪ್ಪೆಯಲ್ಲಿ ಕಲಿತ ಏಳು ಪಾಠ

ಮಹಾರಾಷ್ಟ್ರದ ಮಾಲೆಗಾಂವ್ ಪವರ್‌ಲೂಮ್‌ಗಳ ಊರು. ಅಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ ಗೆಳೆಯರನ್ನು ಕಟ್ಟಿಕೊಂಡು ‘ಮಾಲೆಗಾಂವ್ ಕಾ ಸೂಪರ್‌ಮ್ಯಾನ್’ ಎಂಬ ಸಿನಿಮಾ ತೆಗೆದರು. ಮಗ್ಗದಲ್ಲಿ ದುಡಿಯುತ್ತಿದ್ದ ಶಫೀಕ್ ಸೂಪರ್‌ಮ್ಯಾನ್ ಆದರು. ಆ ಸಾಹಸವನ್ನು ಫೈಜಾ ಅಹ್ಮದ್ ಖಾನ್ 2008ರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದರು. ಅದನ್ನು ನೋಡಿದ ಮೇಲೆ ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಯ ಸುತ್ತಿನ ನಾವು ಗೆಳೆಯರು ಮೊಬೈಲ್ ಹಿಡಿದು ಸೂಪರ್‌ಹೀರೋ ಕಿರುಚಿತ್ರಕ್ಕೆ ಇಳಿದೆವು. ಇದೇ ಹುಚ್ಚು ಹತ್ತಿದವರಿಗಾಗಿ ಈ ಮಾತುಗಳು.

1. ಸಂಕಟ ನಿಮ್ಮ ಊರಿನದೇ ಆಗಿರಲಿ

ಮಾಲೆಗಾಂವ್‌ನ ಸೂಪರ್‌ಮ್ಯಾನ್ ಎದುರಿಸಿದ್ದು ಊರಿಗೆ ತಂಬಾಕಿನ ಚಟ ಹಿಡಿಸುವ ಖಳನನ್ನು. ನಮ್ಮ ಸುತ್ತಲಿನ ಪಿರಿಯಾಪಟ್ಟಣ, ಹುಣಸೂರು ವರ್ಜೀನಿಯಾ ತಂಬಾಕಿನ ಸೀಮೆ. ಎಷ್ಟೋ ಮನೆಗಳಿಗೆ ಅದೇ ಅನ್ನ. ಇಲ್ಲಿ ಅದೇ ಕಥೆ ಎತ್ತಿಕೊಂಡರೆ ರೈತನೇ ಖಳನಾಗಿಬಿಡುತ್ತಾನೆ. ಆದರೆ ತಂಬಾಕಿನ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್‌ಗೆ ಬೆಂಕಿ ಬಿದ್ದೀತೆಂಬ ಭಯ ಇಲ್ಲಿ ಯಾರಿಗೂ ಹೊಸದಲ್ಲ. ನಮ್ಮ ನಾಯಕ ನುಗ್ಗುವುದು ಆ ಬೆಂಕಿಗೆ. ಬೆಂಕಿ ಹಚ್ಚುವ ಅಗತ್ಯವೇ ಬರಲಿಲ್ಲ: ಬಾಗಿಲ ಸಂದಿಯಲ್ಲಿ ಕಿತ್ತಳೆ ಬೆಳಕು, ಒಂದಿಷ್ಟು ಸಾಂಬ್ರಾಣಿ ಹೊಗೆ, ಹೊರಗೆ ಕೂಗುವ ಜನ.

2. ಹಾರುವವನಿಗಿಂತ ನೋಡುವವರಿಗೆ ಹೆಚ್ಚು ಹೊತ್ತು ಕೊಡಿ

ನಮ್ಮ ಚಿತ್ರದ ಜೀವ ಇರುವುದು ಇಲ್ಲೇ. ಮುಸುಕಿನ ಜೋಳದ ಹೊಲದಲ್ಲಿ ಅಜ್ಜನೊಬ್ಬ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾನೆ. ದಾರಿಯಲ್ಲಿ ಟಿಬೆಟನ್ ಅಜ್ಜಿಯ ಕೈಯಲ್ಲಿ ತಿರುಗುತ್ತಿದ್ದ ಪ್ರಾರ್ಥನಾ ಚಕ್ರ ತಟ್ಟನೆ ನಿಲ್ಲುತ್ತದೆ. ಇಬ್ಬರ ಮುಖದ ಮೇಲೂ ನೆರಳೊಂದು ಸರಿದುಹೋಗುತ್ತದೆ. ಬಿದಿರುಗಳಕ್ಕೆ ಬಟ್ಟೆ ಕಟ್ಟಿ ಓಡಿದರೆ ಆ ನೆರಳು ಸಿದ್ಧ. ನೋಡುವವರು ನಂಬಿದರೆ ಪ್ರೇಕ್ಷಕನೂ ನಂಬುತ್ತಾನೆ. ಮಂಡ್ಯದ ನೊದೆಕೊಪ್ಪಲಿನ ಜನರೇ ನಟಿಸಿದ ‘ತಿಥಿ’ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಊರಿನ ಮುಖಗಳಿಗೆ ಅಷ್ಟು ಶಕ್ತಿಯಿದೆ.

3. ವೇಷ ಹೊಲಿಸುವ ಮೊದಲೇ ಕ್ಯಾಮೆರಾದಲ್ಲಿ ಬಟ್ಟೆ ನೋಡಿ

ಆಮೇಲೆ ಹಿನ್ನೆಲೆ ಬದಲಿಸಲು ನಟನ ಹಿಂದೆ ಕಟ್ಟುವ ಕ್ರೋಮಾ ಪರದೆಯ ಬಣ್ಣ ವೇಷದಲ್ಲಿ ಇರಕೂಡದು. ನೀಲಿ ವೇಷಕ್ಕೆ ಹಸಿರು ಪರದೆ, ಅದೂ ಸುಕ್ಕಿಲ್ಲದೆ. ನಟ ಪರದೆಯಿಂದ ಆರೇಳು ಅಡಿ ಮುಂದೆ ಇರಲಿ. ಇಲ್ಲದಿದ್ದರೆ ಹಸಿರು ಛಾಯೆ ಮೈಮೇಲೆ ಬಿದ್ದು ಅಂಚು ಕೆಡುತ್ತದೆ. ಬೆನ್ನ ಮೇಲಿನ ಮೇಲಂಗಿಗೆ ಸ್ಯಾಟಿನ್ ಬೇಡ, ಹೊಳಪಿಲ್ಲದ ಹಗುರ ಬಟ್ಟೆ ಸಾಕು. ಅದರ ಮೂಲೆಗಳಿಗೆ ಮೀನಿನ ಗಾಳದ ದಾರ ಹೊಲಿದು ಇಬ್ಬರು ಎಳೆದಾಡಿದರೆ ಗಾಳಿಯಿಲ್ಲದ ದಿನವೂ ಅದು ಹಾರುತ್ತದೆ.

4. ಮೊಬೈಲನ್ನು ಆಟೊ ಮೋಡ್‌ಗೆ ಬಿಡಬೇಡಿ

ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ 50 ಹರ್ಟ್ಜ್‌ನದು. ಈ ಲೆಕ್ಕದಲ್ಲಿ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಮೈಸೂರು–ಮಡಿಕೇರಿ ರಸ್ತೆಯ ಸದ್ದಿನ ನಡುವೆ ಸಂಭಾಷಣೆ ಹಿಡಿಯಲು ಹೆಣಗುವ ಬದಲು, ನೆಲಕ್ಕೂ ಗೋಡೆಗೂ ಕಂಬಳಿ ಹೊದಿಸಿದ ಕೋಣೆಯಲ್ಲಿ ಡಬ್ ಮಾಡಿ.

5. ಊರಿನ ಕಾಲ ನೋಡಿ ದಿನ ಗೊತ್ತುಮಾಡಿ

ಚಳಿಗಾಲ ಬಂತೆಂದರೆ ಟಿಬೆಟನ್ ಕ್ಯಾಂಪ್‌ಗಳ ಎಷ್ಟೋ ಮಂದಿ ಸ್ವೆಟರ್ ವ್ಯಾಪಾರಕ್ಕೆ ದೂರದ ಊರುಗಳಿಗೆ ಹೊರಡುತ್ತಾರೆ. ಸೊಪ್ಪು ಬೇಯಿಸುವ ದಿನಗಳಲ್ಲಿ ರೈತ ಬ್ಯಾರನ್ ಬಿಟ್ಟು ಬರಲಾರ. ಕಾಲದಷ್ಟೇ ಜಾಗವನ್ನೂ ಗಮನಿಸಿ: 1963ರಲ್ಲಿ ಸ್ಥಾಪನೆಯಾದ ಇಲ್ಲಿನ ನಾಮ್‌ಡ್ರೋಲಿಂಗ್‌ ಮಠ ಪ್ರವಾಸಿಗರಿಗೆ ಗೋಲ್ಡನ್ ಟೆಂಪಲ್. ಭಿಕ್ಷುಗಳಿಗೆ ಅದು ಓದಿನ, ಪೂಜೆಯ ಜಾಗ. ಅನುಮತಿಯಿಲ್ಲದೆ ಕ್ಯಾಮೆರಾ, ಡ್ರೋನ್ ಎತ್ತಬೇಡಿ. ವಿದೇಶದ ಗೆಳೆಯರು ಬೈಲಕುಪ್ಪೆಯಲ್ಲಿ ತಂಗಬೇಕಿದ್ದರೆ ಸಂರಕ್ಷಿತ ಪ್ರದೇಶದ ಪರ್ಮಿಟ್ ಬೇಕು; ಅದಕ್ಕೆ ಮೊದಲೇ ಅರ್ಜಿ ಹಾಕಿಸಿ.

6. ಯಾವ ಶಾಟ್‌ಗೂ ಜೀವದ ಬೆಲೆ ತೆರಬೇಡಿ

2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರ್‌ನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ದೊಡ್ಡ ಬಜೆಟ್ಟಿನ ಚಿತ್ರದಲ್ಲೇ ಹೀಗಾಯಿತು. ಕಾವೇರಿಗೆ ಇಳಿಯುವ, ಮಾಳಿಗೆಯಿಂದ ಹಾರುವ, ಹಗ್ಗಕ್ಕೆ ನೇತಾಡುವ ದೃಶ್ಯಗಳನ್ನು ಬರೆಯುವಾಗಲೇ ಹೊಡೆದುಹಾಕಿ. ಗಟ್ಟಿ ಸ್ಟೂಲಿನ ಮೇಲೆ ಬೋರಲು ಮಲಗಿದ ನಾಯಕನ ಕೆಳಗಿನಿಂದ, ಸ್ಟೂಲು ಕಾಣದಂತೆ ಕ್ಯಾಮೆರಾ ಸರಿದರೂ ಹಾರಾಟ ಸಿಗುತ್ತದೆ.

7. ನಿಮ್ಮದೇ ಹೀರೋ ಹುಟ್ಟಿಸಿ, ಚಿತ್ರ ಮುಗಿಸಿ

1938ರಲ್ಲಿ ಕಾಮಿಕ್ಸ್‌ಗೆ ಬಂದ ಸೂಪರ್‌ಮ್ಯಾನ್ ಇವತ್ತಿಗೂ ಡಿಸಿ ಕಂಪನಿಯ ಸೊತ್ತು. ಟಿಕೆಟ್ ಮಾರದಿದ್ದ ಮಾತ್ರಕ್ಕೆ ಹಕ್ಕು ನಮ್ಮದಾಗುವುದಿಲ್ಲ. ಅಭಿಮಾನ ಎದೆಯಲ್ಲಿರಲಿ, ಹೆಸರು, ಲಾಂಛನ, ವೇಷ ನಿಮ್ಮದೇ ಇರಲಿ. ಕಥೆ ಚಿಕ್ಕದಾದರೂ ಚಿಂತೆಯಿಲ್ಲ, ಪೂರ್ತಿಯಾಗಲಿ. ನಟಿಸಿದವರ ಬೀದಿಯಲ್ಲೇ ಪರದೆ ಕಟ್ಟಿ ಮೊದಲ ಪ್ರದರ್ಶನ ಮಾಡಿ, ಕನ್ನಡದಲ್ಲೂ ಟಿಬೆಟನ್ನಿನಲ್ಲೂ ಎಲ್ಲರ ಹೆಸರು ಹಾಕಿ. ಮುಂದಿನ ಚಿತ್ರಕ್ಕೆ ದರ್ಜಿ, ನಟ, ಊಟ ಹಾಕುವ ಮನೆ, ಎಲ್ಲ ಅಲ್ಲಿಂದಲೇ ಸಿಗುತ್ತವೆ.